ನಕಲಿ ಸರಕನ್ನು ಬಂದರಿನಲ್ಲೇ ತಡೆಯುವುದು: ಟ್ರೇಡ್‌ಮಾರ್ಕ್ ಮತ್ತು ಕೃತಿಸ್ವಾಮ್ಯವನ್ನು ಕಸ್ಟಮ್ಸ್‌ನಲ್ಲಿ ದಾಖಲಿಸುವ ಬಗೆ

ಕೆಲವು ವರ್ಷಗಳ ಹಿಂದೆ ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಮಾಲೀಕರು ನನ್ನ ಮೇಜಿನ ಮೇಲೆ ಎರಡು ಬೇರಿಂಗ್‌ಗಳನ್ನು ಇಟ್ಟು, ಇವುಗಳಲ್ಲಿ ನಮ್ಮದು ಯಾವುದು ಹೇಳಿ ಎಂದು ಕೇಳಿದರು. ನನಗೆ ಗೊತ್ತಾಗಲಿಲ್ಲ. ಅವರು ಎರಡರ ಮೇಲೂ ಹೆಬ್ಬೆರಳಿನ ಉಗುರನ್ನು ಎಳೆದು ತೋರಿಸಿದರು. ಅವರ ಕಾರ್ಖಾನೆಯದರ ಮೇಲೆ ಹೆಸರನ್ನು ಲೇಸರ್‌ನಿಂದ ಬರೆದಿದ್ದರಿಂದ ಉಗುರು ಸಲೀಸಾಗಿ ಜಾರಿತು. ನಕಲಿಯದರಲ್ಲಿ ಅಕ್ಷರಗಳ ಅಂಚು ಉಗುರಿಗೆ ತಡೆಯುತ್ತಿತ್ತು. ಟ್ರೇಡ್‌ಮಾರ್ಕ್ ಪ್ರಮಾಣಪತ್ರವನ್ನು ಅವರು ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ್ದರು, ಆದರೆ ಬಂದರಿನಲ್ಲಿ ಪೆಟ್ಟಿಗೆ ತೆರೆಯುವ ಅಧಿಕಾರಿಗೆ ಆ ಪ್ರಮಾಣಪತ್ರದ ವಿಷಯವಾಗಲಿ, ಉಗುರಿನ ಈ ಪರೀಕ್ಷೆಯಾಗಲಿ ತಿಳಿದಿರುವ ಸಾಧ್ಯತೆಯೇ ಇರಲಿಲ್ಲ. ತಯಾರಕನ ಬೆರಳಿಗೆ ಗೊತ್ತಿರುವುದನ್ನು ಅಧಿಕಾರಿಯ ಕಣ್ಣಿಗೆ ದಾಟಿಸುವ ಕೆಲಸವೇ ಕಸ್ಟಮ್ಸ್ ನೋಂದಣಿ. ಇದನ್ನು ಬರಿಯ ಅರ್ಜಿ ತುಂಬುವ ಕೆಲಸವೆಂದು ಭಾವಿಸಿದವರಿಗೆ ನೋಂದಣಿ ಸಂಖ್ಯೆ ಸಿಗುತ್ತದೆ, ಸರಕು ಮಾತ್ರ ನಿಲ್ಲುವುದಿಲ್ಲ.

ಭಾರತದಲ್ಲಿ ಈ ವ್ಯವಸ್ಥೆಯ ಆಧಾರ ಬೌದ್ಧಿಕ ಆಸ್ತಿ ಹಕ್ಕುಗಳ (ಆಮದು ಸರಕು) ಜಾರಿ ನಿಯಮಗಳು, 2007. ಆ ವರ್ಷದ ಮೇ 8ರಂದು ಹೊರಬಂದ ಈ ನಿಯಮಗಳು ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಎಂಬ ಬೌದ್ಧಿಕ ಆಸ್ತಿ ಒಪ್ಪಂದದಲ್ಲಿ ದೇಶ ಒಪ್ಪಿಕೊಂಡ ಹೊಣೆಗೆ ಅನುಗುಣವಾಗಿವೆ. ಕಸ್ಟಮ್ಸ್ ಕಾಯ್ದೆ, 1962ರ 11ನೆಯ ಕಲಮಿನಡಿ ಹಕ್ಕು ಉಲ್ಲಂಘಿಸುವ ಸರಕಿನ ಆಮದನ್ನು ನಿಷೇಧಿಸಲಾಗಿದೆ. ನಿಷೇಧಿತ ಸರಕು ಬಂದಾಗ ಅದನ್ನು ಮುಟ್ಟುಗೋಲು ಹಾಕಿಕೊಳ್ಳುವ ಮತ್ತು ಆಮದುದಾರನಿಗೆ ದಂಡ ವಿಧಿಸುವ ಅಧಿಕಾರ ಅದೇ ಕಾಯ್ದೆಯ 111 ಮತ್ತು 112ನೆಯ ಕಲಮುಗಳಿಂದ ಬರುತ್ತದೆ. ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯ, ವಿನ್ಯಾಸ ಮತ್ತು ಭೌಗೋಳಿಕ ಸೂಚಕ (ಊರಿನ ಹೆಸರಿನಿಂದಲೇ ಗುರುತಾಗುವ ಸರಕಿನ ಹಕ್ಕು) ಎಂಬ ನಾಲ್ಕು ಹಕ್ಕುಗಳು ಇದರ ವ್ಯಾಪ್ತಿಯಲ್ಲಿವೆ. ಮೊದಲು ಪೇಟೆಂಟ್ ಕೂಡ ಇತ್ತು. 2018ರ ಜೂನ್ ತಿಂಗಳ ತಿದ್ದುಪಡಿಯಲ್ಲಿ ಅದನ್ನು ಕೈಬಿಡಲಾಯಿತು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ತೀರ್ಮಾನ. ಲೇಬಲ್ ನಕಲಿಯೇ ಎಂಬುದನ್ನು ಅಧಿಕಾರಿ ನೋಡಿ ಹೇಳಬಲ್ಲರು, ಆದರೆ ಯಂತ್ರದೊಳಗಿನ ತಂತ್ರಜ್ಞಾನ ಯಾರದೋ ಪೇಟೆಂಟನ್ನು ಉಲ್ಲಂಘಿಸುತ್ತದೆಯೇ ಎಂಬುದು ನ್ಯಾಯಾಲಯದಲ್ಲೇ ವರ್ಷಗಟ್ಟಲೆ ಎಳೆಯುವ ಪ್ರಶ್ನೆ.

ಕಸ್ಟಮ್ಸ್‌ಗೆ ಹೋಗುವ ಮೊದಲು ಹಕ್ಕಿನ ಕಾಗದಗಳನ್ನು ಸರಿಪಡಿಸಿಕೊಳ್ಳಬೇಕು. ಟ್ರೇಡ್‌ಮಾರ್ಕ್ ಅರ್ಜಿ ಇನ್ನೂ ಬಾಕಿ ಇರುವಾಗ ಕಸ್ಟಮ್ಸ್ ನೋಂದಣಿಗೆ ಬರುವವರು ಅನೇಕರಿದ್ದಾರೆ, ಅವರನ್ನು ನಾನು ಹಿಂದಕ್ಕೆ ಕಳುಹಿಸುತ್ತೇನೆ. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗಿರುವ 4 ತಿಂಗಳು ಕಳೆದು, ನೋಂದಣಿ ಪ್ರಮಾಣಪತ್ರ ಕೈಸೇರಿದ ಬಳಿಕವೇ ಮುಂದಿನ ಹೆಜ್ಜೆ. ಕರ್ನಾಟಕದ ಅರ್ಜಿದಾರರು ಚೆನ್ನೈ ಟ್ರೇಡ್‌ಮಾರ್ಕ್ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ನೋಂದಣಿಯ ಅವಧಿ 10 ವರ್ಷ. ನವೀಕರಣದ ದಿನಾಂಕವನ್ನು ಈಗಲೇ ಗುರುತು ಹಾಕಿಕೊಳ್ಳಿ, ಏಕೆಂದರೆ ಮೂಲ ಹಕ್ಕು ಬಿದ್ದುಹೋದರೆ ಕಸ್ಟಮ್ಸ್ ದಾಖಲೆಯೂ ಅದರ ಜೊತೆಗೇ ಬೀಳುತ್ತದೆ. ಹಕ್ಕಿನಲ್ಲಿ ತಿದ್ದುಪಡಿ, ರದ್ದತಿ ಅಥವಾ ಅಮಾನತು ಏನೇ ಆದರೂ ಅದನ್ನು ಕಸ್ಟಮ್ಸ್‌ಗೆ ತಿಳಿಸುವುದು 2018ರಿಂದ ಹಕ್ಕುದಾರರ ಕರ್ತವ್ಯವೂ ಆಗಿದೆ.

ಕೃತಿಸ್ವಾಮ್ಯದ ವಿಷಯ ಸ್ವಲ್ಪ ಬೇರೆ. ಕೃತಿ ರಚನೆಯಾದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೂ ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ರಿಜಿಸ್ಟರಿನ ನಮೂದು ಮೇಲ್ನೋಟದ ಸಾಕ್ಷ್ಯವಾಗುವುದರಿಂದ, ಬಂದರಿನಲ್ಲಿ ವಾದಕ್ಕೆ ನಿಲ್ಲುವಾಗ ಪ್ರಮಾಣಪತ್ರ ಇದ್ದವರ ಕೆಲಸ ಹಗುರ. ಸರಕಿನ ಪೊಟ್ಟಣದ ಮೇಲಿನ ಚಿತ್ರವನ್ನು ಕಲಾಕೃತಿಯೆಂದು ನೋಂದಾಯಿಸುವವರು, ಅದನ್ನೇ ಹೋಲುವ ಟ್ರೇಡ್‌ಮಾರ್ಕ್ ಬೇರೆಯವರ ಹೆಸರಿನಲ್ಲಿಲ್ಲ ಎಂಬ ಪ್ರಮಾಣಪತ್ರವನ್ನು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರಿಂದ ಮೊದಲು ಪಡೆಯಬೇಕು. ಇನ್ನು ವಿನ್ಯಾಸಗಳ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ಹಾಗೆ ನೋಂದಾಯಿಸದೆ, ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿಬಿಟ್ಟರೆ ಅದರ ಕೃತಿಸ್ವಾಮ್ಯವೇ ಕೊನೆಗೊಳ್ಳುತ್ತದೆ. ಆಟಿಕೆ, ಆಭರಣ, ಬಟ್ಟೆಯ ಕಸುಬಿನವರು ಇದನ್ನು ತಿಳಿಯದೆ ಹಕ್ಕು ಕಳೆದುಕೊಂಡಿರುವುದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ.

ಅರ್ಜಿಯನ್ನು ಯಾರು ಹಾಕಬಹುದು ಎಂಬುದಕ್ಕೆ ನಿಯಮ ಉದಾರವಾಗಿದೆ. ಹಕ್ಕಿನ ಒಡೆಯರು, ಅವರ ಉತ್ತರಾಧಿಕಾರಿಗಳು, ಅಧಿಕೃತ ಏಕಮಾತ್ರ ಪರವಾನಗಿದಾರರು, ಇವರಲ್ಲಿ ಯಾರಾದರೂ ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಸಂಘ, ಎಲ್ಲರೂ ಹಕ್ಕುದಾರರೇ. ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಮೈಸೂರು ಅಗರಬತ್ತಿಯಂಥ ಭೌಗೋಳಿಕ ಸೂಚಕ ಪಡೆದ ಕಸುಬುಗಳಿಗೆ ಈ ಮಾತು ಬಹಳ ಮುಖ್ಯವಾದುದು. ಒಬ್ಬೊಬ್ಬ ಕುಶಲಕರ್ಮಿ ಬಾಂಡ್ (ನಷ್ಟವಾದರೆ ತುಂಬಿಕೊಡುವ ಕರಾರು ಪತ್ರ) ಬರೆದುಕೊಟ್ಟು ಬಂದರಿಗೆ ಅಲೆಯಲಾರ, ಆದರೆ ಸೂಚಕದ ನೋಂದಾಯಿತ ಒಡೆತನ ಹೊಂದಿರುವ ಸಂಸ್ಥೆಯಿಂದ ಅಧಿಕಾರಪತ್ರ ಪಡೆದ ಸಂಘವೊಂದು ಎಲ್ಲರ ಪರವಾಗಿ ಈ ಕೆಲಸ ಮಾಡಬಹುದು.

ಅರ್ಜಿಯನ್ನು ಕಸ್ಟಮ್ಸ್‌ನ ಐಸ್‌ಗೇಟ್ ಜಾಲತಾಣದ ಐಪಿಆರ್ (ಬೌದ್ಧಿಕ ಆಸ್ತಿ ಹಕ್ಕು) ವಿಭಾಗದಲ್ಲಿ ತುಂಬಬೇಕು. ತುಂಬಿ ಸಲ್ಲಿಸಿದ ಮೇಲೆ ಒಂದು ತಾತ್ಕಾಲಿಕ ನೋಂದಣಿ ಸಂಖ್ಯೆ ಬರುತ್ತದೆ. ಅದರ ಮುದ್ರಿತ ಪ್ರತಿಯೊಂದಿಗೆ ಹಕ್ಕಿನ ಪ್ರಮಾಣಪತ್ರಗಳು, ವಕಾಲತ್ತು ಅಥವಾ ಅಧಿಕಾರಪತ್ರ, ಸರಕಿನ ವಿವರ ಮತ್ತು 2,000 ರೂಪಾಯಿ ಶುಲ್ಕವನ್ನು ನೀವು ಆರಿಸಿಕೊಂಡ ಕಸ್ಟಮ್ಸ್ ಕಮಿಷನರ್ ಕಚೇರಿಗೆ ಸಲ್ಲಿಸಬೇಕು. ಮಾಹಿತಿ ಸಾಲದೆಂದು ಕಂಡರೆ ಹೆಚ್ಚಿನ ವಿವರ ಕೊಡಲು 15 ದಿನಗಳ ಕಾಲಾವಕಾಶ ಸಿಗುತ್ತದೆ. ಎಲ್ಲವೂ ಸರಿಯಿದ್ದರೆ 30 ಕೆಲಸದ ದಿನಗಳೊಳಗೆ ನೋಂದಣಿಯಾಯಿತೋ ತಿರಸ್ಕೃತವಾಯಿತೋ ಎಂಬುದನ್ನು ತಿಳಿಸುತ್ತಾರೆ, ನೋಂದಣಿಯಾದರೆ ಕಾಯಂ ಸಂಖ್ಯೆ ಕೊಡುತ್ತಾರೆ. ನೀವಾಗಿಯೇ ಕಡಿಮೆ ಅವಧಿ ಕೇಳದಿದ್ದರೆ ಅದರ ಸಿಂಧುತ್ವ ಕನಿಷ್ಠ 5 ವರ್ಷ.

ಇನ್ನು ಅರ್ಜಿಯ ಜೀವಾಳವಾದ ವಿವರಣೆಯ ಭಾಗಕ್ಕೆ ಬರೋಣ. ಹೆಚ್ಚಿನವರು ಇಲ್ಲಿ ತಮ್ಮ ಕಂಪನಿಯ ಇತಿಹಾಸವನ್ನೂ ಬ್ರಾಂಡಿನ ಖ್ಯಾತಿಯನ್ನೂ ನಾಲ್ಕು ಪುಟ ಬರೆದು, ನಕಲಿ ಸರಕು ಕಳಪೆ ಗುಣಮಟ್ಟದ್ದು ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅಧಿಕಾರಿಯ ಮುಂದೆ ಅಸಲಿ ಇರುವುದಿಲ್ಲ, ಎದುರಿಗಿರುವ ಪೆಟ್ಟಿಗೆಯೊಂದೇ ಇರುತ್ತದೆ, ಹೊತ್ತೂ ಕಡಿಮೆ. ಆದ್ದರಿಂದ ಬರಿಗಣ್ಣಿಗೆ ಕಾಣುವ, ಕೈಗೆ ಸಿಗುವ ಗುರುತುಗಳನ್ನಷ್ಟೇ ಬರೆಯಿರಿ. ಪೀಣ್ಯದ ಆ ಬೇರಿಂಗ್‌ಗಳಿಗೆ ನಾವು ಒಂದೇ ಪುಟ ಸಿದ್ಧಪಡಿಸಿದೆವು. ಎಡಗಡೆ ಅಸಲಿಯ ಫೋಟೋ, ಬಲಗಡೆ ಬಿಡಿಭಾಗಗಳ ಅಂಗಡಿಯಿಂದ ಬಿಲ್ ಸಮೇತ ಕೊಂಡು ತಂದ ನಕಲಿಯ ಫೋಟೋ. ಅಸಲಿಯ ಅಕ್ಷರಗಳು ನುಣುಪು, ನಕಲಿಯವು ಉಗುರಿಗೆ ತಡೆಯುತ್ತವೆ. ಅಸಲಿ ಪೆಟ್ಟಿಗೆಯ ಬ್ಯಾಚ್ ಸಂಖ್ಯೆಯೇ ಬೇರಿಂಗ್‌ನ ಉಂಗುರದ ಮೇಲೂ ಇರುತ್ತದೆ, ನಕಲಿಯಲ್ಲಿ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸಂಖ್ಯೆ. ಅಸಲಿಯ ಪೆಟ್ಟಿಗೆಯ ಮಡಿಕೆಯ ಒಳಬದಿಯಲ್ಲಿ ವಿಳಾಸ ಅಚ್ಚಾಗಿರುತ್ತದೆ, ನಕಲಿಯಲ್ಲಿ ಅದು ಖಾಲಿ. ಚನ್ನಪಟ್ಟಣದ ಗೊಂಬೆಗೆ ಇಂಥ ಪುಟ ಬರೆಯುವುದಾದರೆ ಆಲೆ ಮರದ ತಿಳಿ ಬಣ್ಣ, ಮರ ಕಡೆಯುವ ಚರಕಿಯ ಮೇಲೆ ತಿರುಗುತ್ತಿರುವಾಗ ಹಚ್ಚಿದ ಅರಗಿನ ಹೊಳಪು, ಕುಂಚದಲ್ಲಿ ಬಳಿದ ಪೈಂಟ್‌ಗೂ ಆ ಅರಗಿಗೂ ಇರುವ ವ್ಯತ್ಯಾಸ, ಇವುಗಳಿಂದಲೇ ಆರಂಭಿಸಬೇಕು.

ಇದರೊಂದಿಗೆ ಸುಂಕದ ಶೀರ್ಷಿಕೆಯ ಸಂಖ್ಯೆಗಳನ್ನು, ಅಂದರೆ ಸುಂಕದ ಪಟ್ಟಿಯಲ್ಲಿ ಸರಕಿನ ಬಗೆಯನ್ನು ಗುರುತಿಸುವ ಸಂಖ್ಯೆಗಳನ್ನು ನಮೂದಿಸಬೇಕು. ಬೇರಿಂಗ್‌ಗೆ 8482, ಆಟಿಕೆಗೆ 9503, ಸಾಬೂನಿಗೆ 3401. ಕಂಪ್ಯೂಟರ್ ಸಾವಿರಾರು ಬಿಲ್ ಆಫ್ ಎಂಟ್ರಿಗಳಿಂದ (ಆಮದುದಾರರು ಸಲ್ಲಿಸುವ ಸರಕಿನ ಘೋಷಣಾಪತ್ರಗಳಿಂದ) ಅನುಮಾನದ ಸರಕನ್ನು ಹೆಕ್ಕಿ ಕೊಡಲು ಈ ಸಂಖ್ಯೆಗಳು ಬೇಕೇ ಬೇಕು. ಸರಕನ್ನು ತಪ್ಪು ಶೀರ್ಷಿಕೆಯಡಿ ಘೋಷಿಸುವ ರೂಢಿ ನಿಮ್ಮ ಕಸುಬಿನಲ್ಲಿದ್ದರೆ ಆ ಶೀರ್ಷಿಕೆಯನ್ನೂ ಸೇರಿಸಿ. ನಿಮ್ಮ ಅಧಿಕೃತ ಆಮದುದಾರರ ಪಟ್ಟಿ ಕೊಡಲು ಮರೆಯಬೇಡಿ, ಇಲ್ಲವಾದರೆ ನಿಮ್ಮದೇ ಸರಕು ನಿಂತೀತು. ನಕಲಿ ಯಾವ ದೇಶದಿಂದ, ಯಾವ ಬಂದರಿಗೆ ಬರುತ್ತಿದೆ ಎಂಬ ಅಂದಾಜಿದ್ದರೆ ಅದನ್ನೂ ಬರೆಯಿರಿ. ಬೆಂಗಳೂರಿನಲ್ಲಿ ಮಾರಾಟವಾಗುವ ಸರಕು ಚೆನ್ನೈಯಲ್ಲೋ ಮುಂಬೈ ಬಳಿಯ ನಾವಾ ಶೇವಾದಲ್ಲೋ ಇಳಿದಿರಬಹುದು, ವೈಟ್‌ಫೀಲ್ಡ್‌ನ ಒಳನಾಡು ಡಿಪೋವರೆಗೂ ಕಂಟೇನರಿನಲ್ಲೇ ಬಂದಿರಬಹುದು. ಹಾಗಾಗಿ ಒಂದೇ ಕಡೆ ನೋಂದಾಯಿಸಿದರೂ ವ್ಯಾಪ್ತಿಯನ್ನು ಎಲ್ಲ ಬಂದರುಗಳಿಗೂ ಕೇಳಿಕೊಳ್ಳುವುದೇ ಲೇಸು.

ಬಾಂಡ್ ಎಂದೊಡನೆ ಸಣ್ಣ ಉದ್ಯಮಿಗಳು ಹಿಂಜರಿಯುತ್ತಾರೆ. ನೋಂದಣಿಯ ಸಮಯದಲ್ಲಿ ಒಂದು ಸಾಮಾನ್ಯ ಬಾಂಡ್ ಮತ್ತು ನಷ್ಟಭರ್ತಿ ಪತ್ರ ಬರೆದುಕೊಟ್ಟರೆ ಸಾಕಾಗುತ್ತದೆ. ನಿರ್ದಿಷ್ಟ ಸರಕು ತಡೆಯಲ್ಪಟ್ಟಾಗ 3 ದಿನಗಳೊಳಗೆ ಆ ಸರಕಿಗೆಂದೇ ಭದ್ರತೆ ಸಹಿತ ಬಾಂಡ್ ಕೊಡಬೇಕು. ಬಾಂಡಿನ ಮೊತ್ತ ಸರಕಿನ ಮೌಲ್ಯದ ಶೇ. 110, ಭದ್ರತೆ ಬಾಂಡಿನ ಶೇ. 25. ಅಂದರೆ 20 ಲಕ್ಷ ರೂಪಾಯಿಯ ಸರಕಿಗೆ 22 ಲಕ್ಷದ ಬಾಂಡ್, ಐದೂವರೆ ಲಕ್ಷದ ಬ್ಯಾಂಕ್ ಗ್ಯಾರಂಟಿ ಅಥವಾ ಠೇವಣಿ. ಅನುಮಾನ ಸುಳ್ಳಾದರೆ ಆಮದುದಾರನಿಗಾದ ನಷ್ಟ ತುಂಬಿಕೊಡಲು ಈ ಹಣ. ಪ್ರಾಮಾಣಿಕ ವ್ಯಾಪಾರಿಯ ಸರಕನ್ನು ಪೈಪೋಟಿಯ ದ್ವೇಷದಿಂದ ಹಿಡಿಸಿ ಹಾಕುವವರೂ ಇರುವುದರಿಂದ ಈ ಷರತ್ತು ನ್ಯಾಯವಾದದ್ದು. ಬ್ಯಾಂಕಿನೊಂದಿಗೆ ಮೊದಲೇ ಮಾತಾಡಿ ಗ್ಯಾರಂಟಿಯ ಮಿತಿಯನ್ನು ಮಂಜೂರು ಮಾಡಿಸಿಟ್ಟುಕೊಳ್ಳಿ. ಸರಕು ಸಿಕ್ಕಿಬಿದ್ದ ದಿನ ಬ್ಯಾಂಕಿಗೆ ಓಡಿದರೆ 3 ದಿನ ಸಾಲದು.

ಸರಕು ತಡೆಯಲ್ಪಟ್ಟ ಕೂಡಲೇ ಕಸ್ಟಮ್ಸ್ ನಿಮಗೂ ಆಮದುದಾರನಿಗೂ ತಿಳಿಸುತ್ತದೆ. ಅಲ್ಲಿಂದ 10 ಕೆಲಸದ ದಿನಗಳೊಳಗೆ ನೀವು ವಿಚಾರಣೆಯಲ್ಲಿ ಸೇರಿಕೊಳ್ಳಬೇಕು. ತಕ್ಕ ಕಾರಣವಿದ್ದರೆ ಇನ್ನೂ 10 ದಿನ ಸಿಗಬಹುದು. ಬೇಗ ಕೆಡುವ ಸರಕಿಗೆ ಈ ಅವಧಿ 3 ದಿನ, ಹೆಚ್ಚೆಂದರೆ ಮತ್ತೆ 4. ನೀವು ನೋಂದಾಯಿಸದಿದ್ದರೂ ಅಧಿಕಾರಿ ತಾವಾಗಿಯೇ ಅನುಮಾನದಿಂದ ಸರಕನ್ನು ತಡೆಯಬಹುದು, ಆದರೆ ಆಗ 5 ದಿನಗಳೊಳಗೆ ನೀವು ಅರ್ಜಿ ಹಾಕಿ ಬಾಂಡ್ ಕೊಡದಿದ್ದರೆ ಸರಕು ಬಿಡುಗಡೆಯಾಗುತ್ತದೆ. ನನ್ನ ಕಕ್ಷಿದಾರರೊಬ್ಬರ ಅನುಭವವನ್ನು ಇಲ್ಲಿ ಹೇಳಲೇಬೇಕು. ಅರ್ಜಿಯಲ್ಲಿ ಅವರು ಕೊಟ್ಟಿದ್ದ ಇಮೇಲ್ ವಿಳಾಸ, ಕೆಲಸ ಬಿಟ್ಟು ಹೋದ ನೌಕರನೊಬ್ಬನದಾಗಿತ್ತು. ಕಸ್ಟಮ್ಸ್‌ನ ಪತ್ರ ಆ ಇಮೇಲ್‌ನಲ್ಲೇ ಉಳಿಯಿತು, ಹನ್ನೆರಡನೆಯ ದಿನ ಕಂಡಾಗ ಸರಕು ಹೊರಟುಹೋಗಿತ್ತು. ಅಂದಿನಿಂದ ನಾನು ವ್ಯಕ್ತಿಯ ಹೆಸರಿನ ಬದಲು ಕಂಪನಿಯ ಹೆಸರಿನ ಇಮೇಲ್ ಮತ್ತು ಕನಿಷ್ಠ ಇಬ್ಬರ ಫೋನ್ ಸಂಖ್ಯೆ ಕೊಡಿಸುತ್ತೇನೆ.

ತಡೆದ ಸರಕನ್ನು ಪರೀಕ್ಷಿಸಲು ನಿಮಗೆ ಅವಕಾಶವಿದೆ, ಮಾದರಿಯನ್ನೂ ಕೇಳಬಹುದು. ಹೋಗುವಾಗ ವಕೀಲರೊಬ್ಬರನ್ನೇ ಕಳುಹಿಸಬೇಡಿ. ಕಾರ್ಖಾನೆಯಲ್ಲಿ ಆ ಸರಕನ್ನು ಕೈಯಾರೆ ಮಾಡುವವರೊಬ್ಬರು ಜೊತೆಗಿರಲಿ. ಪೀಣ್ಯದ ಆ ಮಾಲೀಕರು ತಮ್ಮ ತಪಾಸಣಾ ವಿಭಾಗದ ಹಿರಿಯ ಕೆಲಸಗಾರರನ್ನು ಕರೆತಂದಿದ್ದರು. ಅವರು ಮೂರನೆಯ ಪೆಟ್ಟಿಗೆಯಲ್ಲಿ ಬೇರಿಂಗನ್ನು ಕಿವಿಯ ಹತ್ತಿರ ತಿರುಗಿಸಿ ಅದರ ಸದ್ದಿನಿಂದಲೇ ನಕಲಿ ಎಂದರು, ಆಮೇಲೆ ಕಾರಣಗಳನ್ನು ಒಂದೊಂದಾಗಿ ಅಧಿಕಾರಿಗೆ ತೋರಿಸಿಕೊಟ್ಟರು. ಅದನ್ನು ಅಲ್ಲೇ ಬರಹಕ್ಕಿಳಿಸಿ ಸಹಿ ಮಾಡಿ ಕೊಟ್ಟೆವು.

ಎಲ್ಲ ಆಮದನ್ನೂ ಈ ದಾರಿಯಲ್ಲಿ ತಡೆಯಲಾಗದು. ಹಕ್ಕುದಾರನೇ ವಿದೇಶದಲ್ಲಿ ಮಾರಿದ ಅಸಲಿ ಸರಕನ್ನು ಬೇರೆಯವರು ಕೊಂಡು ಇಲ್ಲಿಗೆ ತಂದರೆ, ಅದು ನಿಮ್ಮ ವಿತರಕನಿಗೆ ಎಷ್ಟೇ ತೊಂದರೆಯಾದರೂ, ಸರಕನ್ನು ಬದಲಿಸದೆ, ಕೆಡಿಸದೆ ಇದ್ದಲ್ಲಿ ಸಾಮಾನ್ಯವಾಗಿ ಉಲ್ಲಂಘನೆಯಲ್ಲ ಎಂದು ಕಸ್ಟಮ್ಸ್ ಮಂಡಳಿ 2012ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ. ಸ್ವಂತ ಬಳಕೆಗೆಂದು ಪ್ರಯಾಣದ ಲಗೇಜಿನಲ್ಲಿ ಅಥವಾ ಸಣ್ಣ ಪಾರ್ಸಲಿನಲ್ಲಿ ಬರುವ, ವ್ಯಾಪಾರಕ್ಕಲ್ಲದ ಸರಕಿಗೂ ವಿನಾಯಿತಿ ಇದೆ. ಇಲ್ಲೇ ತಯಾರಾದ ನಕಲಿಗೆ ಪೊಲೀಸರು ಮತ್ತು ನ್ಯಾಯಾಲಯವೇ ದಾರಿ.

ಪುಸ್ತಕ, ಧ್ವನಿಮುದ್ರಿಕೆಯಂಥ ಕೃತಿಗಳ ನಕಲಿಗೆ ಕೃತಿಸ್ವಾಮ್ಯ ಕಾಯ್ದೆಯ 53ನೆಯ ಕಲಮಿನಲ್ಲಿ ಇನ್ನೊಂದು ಬಾಗಿಲಿದೆ. 2012ರ ತಿದ್ದುಪಡಿಯ ನಂತರ ಹಕ್ಕುದಾರರು ಕಸ್ಟಮ್ಸ್ ಕಮಿಷನರ್‌ಗೆ ನೇರವಾಗಿ ನೋಟಿಸ್ ಕೊಟ್ಟು, ಒಂದು ವರ್ಷದವರೆಗೆ ಅಂಥ ಪ್ರತಿಗಳನ್ನು ನಿಷೇಧಿತವೆಂದು ಪರಿಗಣಿಸುವಂತೆ ಕೇಳಬಹುದು. ಆದರೆ ತಡೆದ 14 ದಿನಗಳೊಳಗೆ ನ್ಯಾಯಾಲಯದ ಆದೇಶ ತರಬೇಕು. ಸಿಂಗಪುರದಿಂದ ನೇಪಾಳಕ್ಕೆಂದು ಹೊರಟು ಕೊಲ್ಕತ್ತಾ ಬಂದರಿನಲ್ಲಿ ಇಳಿದ ನಕಲಿ ಕ್ಯಾಸೆಟ್‌ಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿರುವಂತೆ, ನಮ್ಮ ನೆಲದ ಮೂಲಕ ಹಾದುಹೋಗುವ ಸರಕಿಗೂ ಆಮದು ಎಂಬ ಮಾತು ಈ ಕಲಮಿನಲ್ಲಿ ಅನ್ವಯಿಸುತ್ತದೆ.

ನಕಲಿ ಎಂದು ತೀರ್ಮಾನವಾದ ಸರಕನ್ನು ಅಧಿಕಾರಿಗಳ ಸಮ್ಮುಖದಲ್ಲಿ ನಾಶ ಮಾಡಲಾಗುತ್ತದೆ, ಇಲ್ಲವೇ ನಿಮ್ಮ ಒಪ್ಪಿಗೆ ಪಡೆದು ವ್ಯಾಪಾರದ ಮಾರ್ಗದ ಹೊರಗೆ ವಿಲೇವಾರಿ ಮಾಡಲಾಗುತ್ತದೆ. ವಿಲೇವಾರಿಯ ಪತ್ರಕ್ಕೆ 20 ಕೆಲಸದ ದಿನಗಳಲ್ಲಿ ಉತ್ತರಿಸದಿದ್ದರೆ ಒಪ್ಪಿದಂತೆಯೇ ಲೆಕ್ಕ. ಯಾವ ಬದಲಾವಣೆಯೂ ಇಲ್ಲದೆ ಅದನ್ನು ಮರುರಫ್ತು ಮಾಡಲು ಬಿಡುವುದಿಲ್ಲ. ನಾಶದ ಖರ್ಚು ಮತ್ತು ಅಲ್ಲಿಯವರೆಗಿನ ಡೆಮರೇಜ್ (ಸರಕು ಬಂದರಿನಲ್ಲೇ ಉಳಿದುದಕ್ಕೆ ತೆರುವ ಬಾಡಿಗೆ) ಹಕ್ಕುದಾರರ ಮೇಲೆ ಬೀಳುವುದರಿಂದ, ದಿನಗಳನ್ನು ಉಳಿಸುವುದು ಹಣ ಉಳಿಸುವುದೂ ಹೌದು. ನಾಶದ ದಿನ ಖುದ್ದಾಗಿ ಹಾಜರಿದ್ದು, ಪೆಟ್ಟಿಗೆಗಳ ಹೊರಮೈಯ ಗುರುತು, ಬ್ಯಾಚ್ ಸಂಖ್ಯೆ, ಮುದ್ರಣದ ತಪ್ಪುಗಳನ್ನು ಟಿಪ್ಪಣಿ ಮಾಡಿಕೊಳ್ಳಿ. ಆಮದುದಾರನ ಹೆಸರು ಮತ್ತು ವಿಳಾಸವನ್ನು ಕಸ್ಟಮ್ಸ್‌ನಿಂದ ಕೇಳಿ ಪಡೆಯುವ ಅವಕಾಶವೂ ನಿಯಮದಲ್ಲಿದೆ. ಪೀಣ್ಯದ ಬೇರಿಂಗ್‌ಗಳ ಎರಡನೆಯ ಕಂಟೇನರ್ ಬಂದಾಗ ಅಕ್ಷರಗಳನ್ನು ನುಣುಪು ಮಾಡಿಸಲಾಗಿತ್ತು, ಆದರೆ ಪೆಟ್ಟಿಗೆಯ ಒಳಮಡಿಕೆ ಆಗಲೂ ಖಾಲಿಯಾಗಿಯೇ ಇತ್ತು. ನಮ್ಮ ಒಂದು ಪುಟದಲ್ಲಿ ಉಗುರಿನ ಸಾಲನ್ನು ತೆಗೆದು, ಒಳಮಡಿಕೆಯ ಸಾಲನ್ನು ಮೊದಲಿಗೆ ತಂದು, ಹೊಸ ಫೋಟೋಗಳೊಂದಿಗೆ ಅದೇ ವಾರ ಕಸ್ಟಮ್ಸ್‌ಗೆ ಕಳುಹಿಸಿದೆವು.