ಕ್ರೀಟ್ ದ್ವೀಪದಲ್ಲಿ ಆರು ದಿನ, ಒಂದು ಬಾಡಿಗೆ ಕಾರು

ಗ್ರೀಸಿನ ದ್ವೀಪ ಅಂದರೆ ಬೆಳಿಗ್ಗೆ ಹೊರಟು ಸಂಜೆಯೊಳಗೆ ಸುತ್ತಿ ಮುಗಿಸಬಹುದು ಅಂತ ನಾನು ಅಂದುಕೊಂಡಿದ್ದೆ. ಕ್ರೀಟ್ ಹಾಗಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದ, ನಡುವೆ 2,400 ಮೀಟರಿಗೂ ಎತ್ತರದ ಬೆಟ್ಟಗಳು. ನನ್ನ ಮೊದಲ ಪ್ಲಾನಿನಲ್ಲಿ ಆರು ದಿನಕ್ಕೆ ಇಡೀ ದ್ವೀಪ ಇತ್ತು. ಹೆಂಡತಿ ಅದನ್ನು ನೋಡಿ, "ರೀ, ಹೀಗೆ ಹೋದ್ರೆ ಬರೀ ರಸ್ತೆ ನೋಡ್ಕೊಂಡು ಬರ್ತೀವಿ ಅಷ್ಟೇ" ಅಂದಳು. ಸರಿ ಅಂತ ಪೂರ್ವದ ಅರ್ಧವನ್ನು ಪೂರ್ತಿ ಕೈಬಿಟ್ಟೆವು. ಪಶ್ಚಿಮದ ಹನ್ಯಾ ಪಟ್ಟಣದಲ್ಲಿ ರೂಮು ಮಾಡಿ, ದಿನಕ್ಕೊಂದು ದಿಕ್ಕಿಗೆ ಹೋಗಿ ಬಂದೆವು. ನೀವೂ ಹಾಗೇ ಮಾಡಿ.

ಮೊದಲು ಕಾಗದಪತ್ರ. ನಮ್ಮ ಲೈಸೆನ್ಸ್ ಒಂದೇ ಅಲ್ಲಿ ಸಾಲದು. ಹೊರಡುವ ಮುಂಚೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, ಅಸಲಿ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ. ಓಡಿಸುವವರ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರಲಿ, ಡೆಪಾಸಿಟ್ ಅದರಲ್ಲೇ ಹಿಡಿಯುತ್ತಾರೆ. ಇನ್ಶೂರೆನ್ಸ್ ಓದುವಾಗ ಟೈರು, ಗಾಜು, ಕಾರಿನ ತಳಭಾಗ ಸೇರಿದೆಯಾ ಅಂತ ನೋಡಿ. ಎಷ್ಟೋ ಕಡೆ ಈ ಮೂರೇ ಬಿಟ್ಟುಹೋಗಿರುತ್ತವೆ. ಆಮೇಲೆ ಕೀ ಕೊಟ್ಟ ತಕ್ಷಣ ಕಾರಿನ ಸುತ್ತ ನಿಧಾನಕ್ಕೆ ಒಂದು ವಿಡಿಯೋ ಮಾಡಿ. ನಾವು ವಾಪಸ್ ಕೊಡುವಾಗ ಹಿಂದಿನ ಬಾಗಿಲ ಹತ್ತಿರ ಒಂದು ಗೀರು ತೋರಿಸಿದರು. ಮೊದಲ ದಿನದ ವಿಡಿಯೋದಲ್ಲಿ ಅದೇ ಗೀರು ಇತ್ತು. ತೋರಿಸಿದೆ, ಮಾತು ಅಲ್ಲಿಗೇ ನಿಂತಿತು.

ಓಡಿಸುವುದು ಹೇಗಿತ್ತು ಅಂತ ಎಲ್ಲರೂ ಕೇಳುತ್ತಾರೆ. ಸ್ಟೇರಿಂಗ್ ಎಡಕ್ಕೆ, ಗೇರು ಬಲಗೈಗೆ, ರಸ್ತೆಯ ಬಲಗಡೆ ಓಡಾಟ. ನಮ್ಮಲ್ಲಿ ಇಂಡಿಕೇಟರ್ ಇರುವ ಕಡೆ ಅಲ್ಲಿ ವೈಪರ್ ಇರುತ್ತದೆ, ಹಾಗಾಗಿ ಮೊದಲ ದಿನ ಪ್ರತಿ ತಿರುವಿನಲ್ಲೂ ಒಣ ಗಾಜಿನ ಮೇಲೆ ವೈಪರ್ ಓಡಿತು. ಅದೇನು ದೊಡ್ಡದಲ್ಲ. ನಿಜವಾಗಿ ಭಯ ಆಗಿದ್ದು ಬೇರೆಯದಕ್ಕೆ: ಗೊತ್ತಿಲ್ಲದೇ ಕಾರು ಬಲಕ್ಕೆ ವಾಲುತ್ತಿತ್ತು. ಒಂದು ಹಳ್ಳಿಯಲ್ಲಿ ಕಲ್ಲುಗೋಡೆ ಕನ್ನಡಿಗೆ ತಾಗುವಷ್ಟು ಹತ್ತಿರ ಬಂದು "ರೀ, ಗೋಡೆ!" ಅಂತ ಹೆಂಡತಿ ಕೂಗಿದ ಮೇಲೆ ಗೊತ್ತಾಯಿತು. ಇಷ್ಟು ವರ್ಷ ರಸ್ತೆಯ ಎಡ ಅಂಚು ನನ್ನಿಂದ ದೂರದಲ್ಲಿತ್ತು, ಈಗ ದೂರದ ಅಂಚು ಬಲದ್ದು, ಕಣ್ಣಿಗೆ ಅದರ ಅಂದಾಜೇ ಇಲ್ಲ. ಆಮೇಲೆ ಒಂದೇ ಮಾತು ಹೇಳಿಕೊಂಡು ಓಡಿಸಿದೆ: ನಾನು ಕೂತಿರುವ ಬದಿ ರಸ್ತೆಯ ನಡುಗೆರೆಗೆ ಹತ್ತಿರ ಇರಬೇಕು. ಎರಡನೇ ದಿನಕ್ಕೆ ಕೈ ಪಳಗಿತು.

ಉತ್ತರ ಕರಾವಳಿಯ ದೊಡ್ಡ ರಸ್ತೆಯಲ್ಲಿ ಅಲ್ಲಿನವರದ್ದೇ ಒಂದು ರೂಢಿ ಇದೆ. ನಿಧಾನ ಹೋಗುವವರು ಅರ್ಧ ಕಾರನ್ನು ಬಲಗಡೆಯ ಅಂಚಿನ ಪಟ್ಟಿಗೆ ಇಳಿಸಿ, ಹಿಂದಿನವರಿಗೆ ದಾರಿ ಬಿಡುತ್ತಾರೆ. ಹಿಂದೆ ಬಂದವರು ನಡುಗೆರೆಯ ಮೇಲೇ ಮುಂದೆ ಹೋಗಿಬಿಡುತ್ತಾರೆ, ಹಾರ್ನ್ ಇಲ್ಲ, ಏನಿಲ್ಲ. ನಾನೂ ಬಿಟ್ಟುಕೊಟ್ಟೆ, ಆದರೆ ಮುಂದೆ ರಸ್ತೆ ನೇರವಾಗಿ ಕಾಣುವ ಕಡೆ ಮಾತ್ರ. ತಿರುವಿನಾಚೆ ಅದೇ ಪಟ್ಟಿಯಲ್ಲಿ ಕೆಟ್ಟು ನಿಂತ ಗಾಡಿಯೋ ಸೈಕಲ್ಲೋ ಇರಬಹುದು.

ದೊಡ್ಡ ರಸ್ತೆಗಳಲ್ಲಿ ಊರಿನ ಹೆಸರು ಗ್ರೀಕ್‌ನಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಇರುತ್ತದೆ. ಹಳ್ಳಿ ದಾರಿಗಳಲ್ಲಿ ಕೆಲವು ಕಡೆ ಬರೀ ಗ್ರೀಕ್. ಪಿ ಥರ ಕಾಣುವುದು ರ, ಎಚ್ ಥರ ಕಾಣುವುದು ಇ, ಎಕ್ಸ್ ಥರದ್ದು ಹ. ವಿಮಾನದಲ್ಲಿ ಕೂತು ಅಕ್ಷರ ಕಲಿತಿದ್ದ ಹೆಂಡತಿ ಇದನ್ನೆಲ್ಲ ಓದಿ ಹೇಳುತ್ತಿದ್ದಳು. ನೆಟ್‌ವರ್ಕ್ ಹೋದ ಕಡೆ ಅದೇ ನಮ್ಮನ್ನು ಕಾಪಾಡಿತು.

ವಾಯವ್ಯ ತುದಿಯ ಬಾಲೋಸ್ ಕಡಲತೀರಕ್ಕೆ ಕಾರಲ್ಲಿ ಹೋಗಲಿಲ್ಲ. ಕೊನೆಯ ಏಳೆಂಟು ಕಿಲೋಮೀಟರ್ ಕಲ್ಲಿನ ಮಣ್ಣುರಸ್ತೆ, ನಮ್ಮ ಇನ್ಶೂರೆನ್ಸ್ ಅಲ್ಲಿ ನಡೆಯುತ್ತಿರಲಿಲ್ಲ. ಕಿಸ್ಸಾಮೋಸ್ ಬಂದರಿನಿಂದ ದೋಣಿಯಲ್ಲಿ ಹೋದೆವು, ದಾರಿಯಲ್ಲಿ ಗ್ರಾಂವೂಸಾದ ವೆನಿಸ್ ಕಾಲದ ಕೋಟೆಯನ್ನೂ ಹತ್ತಿದೆವು. ಎಲಾಫೋನಿಸಿ ಕಡಲತೀರಕ್ಕೆ ಮಾತ್ರ ಕಾರೇ ಸರಿ. ತೊಪೋಲಿಯಾ ಕಣಿವೆಯಲ್ಲಿ ಒಂದೇ ಗಾಡಿ ಹಿಡಿಯುವ ಸುರಂಗ, ಬಾಯಲ್ಲಿ ಸಿಗ್ನಲ್. ಬೆಳಿಗ್ಗೆ ಬೇಗ ಹೋಗಿ, ಹನ್ನೊಂದಾದರೆ ತೀರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ದಕ್ಷಿಣದ ಸ್ಫಾಕಿಯಾ ದಾರಿ. ಹನ್ಯಾದಿಂದ ಎಪ್ಪತ್ತು ಕಿಲೋಮೀಟರ್ ಅಷ್ಟೇ, ನಮಗೆ ಅರ್ಧ ದಿನ ಬೇಕಾಯಿತು. ಬೆಟ್ಟಕ್ಕೆ ಹತ್ತುವ ಮುಂಚೆ ಪೆಟ್ರೋಲ್ ತುಂಬಿಸಿಕೊಂಡು, ವ್ರಿಸ್ಸೆಸ್‌ನಲ್ಲಿ ಹೊಳೆ ಪಕ್ಕ ಕೂತು ಚಮಚ ನೆಟ್ಟಗೆ ನಿಲ್ಲುವಂಥ ಗಟ್ಟಿ ಮೊಸರಿಗೆ ಜೇನು ಸುರಿದು ತಿಂದೆವು. ಆಮೇಲೆ ಅಸ್ಕೀಫೂ ಬಯಲು, ಇಂಬ್ರೋಸ್ ಕಣಿವೆ. 1941ರ ಮೇ ಕೊನೆಯಲ್ಲಿ ಜರ್ಮನ್ನರಿಗೆ ಸೋತ ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಸಮುದ್ರ ಸೇರಲು ನಡೆದ ದಾರಿ ಇದೇ. ಇಂಬ್ರೋಸ್ ದಾಟಿದ್ದೇ ತಡ, ಬೆಟ್ಟ ಮುಗಿದು ಕೆಳಗೆ ಲಿಬಿಯಾ ಸಮುದ್ರ ಒಮ್ಮೆಲೇ ತೆರೆದುಕೊಳ್ಳುತ್ತದೆ. ಅಲ್ಲಿಂದ ಹೇರ್‌ಪಿನ್ ತಿರುವುಗಳು. ಆಗುಂಬೆ ಘಾಟಿ ಇಳಿದವರಿಗೆ ತಿರುವು ಹೊಸದಲ್ಲ, ಆದರೆ ಇಲ್ಲಿ ಕಾಡಿಲ್ಲ, ಮರೆಯಿಲ್ಲ, ಇಡೀ ಇಳಿಜಾರು ಕಣ್ಣೆದುರೇ ಇರುತ್ತದೆ. ಎರಡನೇ ಗೇರಿನಲ್ಲೇ ಇಳಿಸಿದೆ. ಒಂದು ತಿರುವಿನ ನೆರಳಲ್ಲಿ ಏಳೆಂಟು ಮೇಕೆಗಳು ರಸ್ತೆಗೆ ಅಡ್ಡ ಮಲಗಿದ್ದವು. ಎಂಜಿನ್ ಆಫ್ ಮಾಡಿದೆ. ಕೊರಳ ಗಂಟೆ ಒಂದೊಂದಾಗಿ ಅಲುಗಿತು. ಗಡ್ಡದ ಹೋತವೊಂದು ಎದ್ದು, ಬಾನೆಟ್ಟಿನ ಮುಂದೆಯೇ ಮೈ ಮುರಿದು, ಪಕ್ಕಕ್ಕೆ ಹೋಯಿತು. ಉಳಿದವೂ ಅದರ ಹಿಂದೆ ಹೊರಟವು.

ಊಟವಾದ ಮೇಲೆ ಹೋಟೆಲಿನವರು ಪ್ರೀತಿಯಿಂದ ಪುಟ್ಟ ಬಾಟಲಿಯಲ್ಲಿ ರಾಕಿ ಅನ್ನುವ ಅಲ್ಲಿನ ಮದ್ಯ ತಂದಿಡುತ್ತಾರೆ, ದುಡ್ಡು ಕೇಳುವುದಿಲ್ಲ. ಮುಂದೆ ಆ ಘಾಟಿ ಹತ್ತಬೇಕು ಅಂದರೆ ಮುಟ್ಟಬೇಡಿ. ಸ್ಟೇರಿಂಗ್ ಹಿಡಿದಂತೆ ಕೈ ತೋರಿಸಿದೆ, ಅವರು ನಕ್ಕು ದ್ರಾಕ್ಷಿ ತಂದುಕೊಟ್ಟರು.

ಕೊನೆಯ ದಿನ ಮತ್ತೆ ಅದೇ ಸ್ಫಾಕಿಯಾಕ್ಕೆ ಹೋದೆವು. ಪಕ್ಕದ ಲೂತ್ರೋ ಹಳ್ಳಿಗೆ ಕಾರು ರಸ್ತೆಯೇ ಇಲ್ಲ, ನಡೆದೋ ದೋಣಿಯಲ್ಲೋ ಹೋಗಬೇಕು. ಬಂದರಿನ ಮೇಲ್ಗಡೆ ಕಾರು ನಿಲ್ಲಿಸಿ, ಕೀ ಹೆಂಡತಿಯ ಬ್ಯಾಗಿಗೆ ಹಾಕಿ, ದೋಣಿ ಹತ್ತಿದೆವು.