ಎಣ್ಣೆ ಹಾಕಿದ ಮೊಟ್ಟೆ ಬದುಕಿದ ಮೇಲೆ

ಕೀಟನಾಶಕ ಡಿಡಿಟಿ ಹಕ್ಕಿಯ ಗಂಡು ಭ್ರೂಣಕ್ಕೆ ಏನು ಮಾಡುತ್ತದೆಂದು ನೋಡಲು ಮೊದಲ ತಂಡದಲ್ಲಿ ಅರವತ್ತು ಗೌಜಲಕ್ಕಿ ಮೊಟ್ಟೆ ಇಟ್ಟಿದ್ದೆ. ಕೆಲವಕ್ಕೆ ಎಣ್ಣೆಯಲ್ಲಿ ಬೆರೆಸಿದ ಡಿಡಿಟಿ ಚುಚ್ಚಿದ್ದೆ, ಹೋಲಿಕೆಗೆ ಕೆಲವಕ್ಕೆ ಬರೀ ಎಣ್ಣೆ. ಹದಿನೈದನೆಯ ದಿನ ಒಡೆದು ನೋಡಿದಾಗ ಜೀವವಿದ್ದ ಭ್ರೂಣಗಳು ಒಂಬತ್ತೋ ಹತ್ತೋ. ಡಿಡಿಟಿ ಹಾಕಿದವು ಸತ್ತಿದ್ದರೆ ಅರ್ಥವಿತ್ತು, ಬರೀ ಎಣ್ಣೆ ಹಾಕಿದವೂ ಸತ್ತಿದ್ದವು. ‘ಇದು ಡಿಗ್ರಿ ಕಾಲೇಜಿನ ಕೋಣೆಯಲ್ಲಿ ಆಗುವ ಕೆಲಸವಲ್ಲ ಸರ್, ಬಿಟ್ಟುಬಿಡಿ’ ಎಂದು ವಿಭಾಗದ ಗೆಳೆಯರು ಹೇಳಿದ್ದು ಆಗಲೇ. ಈಗ ನಾಲ್ಕನೆಯ ತಂಡದ ಸ್ಲೈಡುಗಳು ನನ್ನ ಮೇಜಿನ ಮೇಲಿವೆ. ಕೆಲಸ ಆಗುತ್ತದೆ.

ಈ ಹುಚ್ಚು ಹತ್ತಿದ್ದು ಕ್ಯಾಲಿಫೋರ್ನಿಯಾದ ಕಡಲಹಕ್ಕಿಗಳಿಂದ. ಲಾಸ್ ಏಂಜಲೀಸ್ ಬಳಿಯ ಡಿಡಿಟಿ ಕಾರ್ಖಾನೆಯ ಕೊಳೆ ವರ್ಷಗಟ್ಟಲೆ ಚರಂಡಿ ಹಿಡಿದು ಸಮುದ್ರ ಸೇರಿತು. ಅನಕಾಪಾ ದ್ವೀಪದಲ್ಲಿ 1970ರಲ್ಲಿ ಐನೂರಕ್ಕೂ ಹೆಚ್ಚು ಪೆಲಿಕನ್ ಗೂಡುಗಳಿಂದ ಉಳಿದದ್ದು ಒಂದೇ ಮರಿ. ಡಿಡಿಟಿಯಿಂದ ಚಿಪ್ಪು ತೆಳುವಾಗಿ, ಕಾವು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಸಾಂತಾ ಬಾರ್ಬರಾ ದ್ವೀಪದ ಗಲ್ ಹಕ್ಕಿಗಳಲ್ಲಿ ಹೆಣ್ಣು ಹೆಣ್ಣೇ ಜೋಡಿಯಾಗಿ, ಮೂರು ಮೊಟ್ಟೆ ಇರಬೇಕಾದ ಗೂಡಿನಲ್ಲಿ ಐದು, ಆರು ಇರುತ್ತಿದ್ದವೆಂಬ ವರದಿ 1977ರಲ್ಲಿ ಬಂತು. ಗಂಡುಗಳಿಗೆ ಏನಾಗಿದೆ ಎಂಬ ಪ್ರಶ್ನೆಗೆ ಫ್ರೈ ಮತ್ತು ಟೂನ್ ಎಂಬ ವಿಜ್ಞಾನಿಗಳು 1981ರಲ್ಲಿ ಗಲ್ ಮೊಟ್ಟೆಗಳಿಗೇ ಡಿಡಿಟಿ ಚುಚ್ಚಿ ನೋಡಿದರು. ಗಂಡು ಭ್ರೂಣಗಳಲ್ಲಿ ಅಂಡಾಶಯದ ಅಂಗಾಂಶ ಬೆಳೆದಿತ್ತು, ಅಂಡನಾಳವೂ ಇತ್ತು. ಅದನ್ನು ನನ್ನ ಕಣ್ಣಿನಿಂದಲೇ ನೋಡಬೇಕೆಂದು ಹಟ ಹಿಡಿದೆ.

ನಮ್ಮ ಕುಮಟಾ ಕಡಲಿಗೆ ಗಲ್‌ಗಳು ಚಳಿಗಾಲದಲ್ಲಿ ಬಂದು ಹೋಗುತ್ತವೆಯೇ ಹೊರತು ಇಲ್ಲಿ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಸಾಕಣೆಯ ಜಪಾನಿ ಗೌಜಲಕ್ಕಿ. ಫಲಿತ ಮೊಟ್ಟೆಯೊಂದಕ್ಕೆ ನಾಲ್ಕೈದು ರೂಪಾಯಿ, ಹದಿನೇಳು ದಿನಕ್ಕೆ ಮರಿ. ಗೌಜಲಕ್ಕಿಯ ಲೆಕ್ಕವನ್ನು ಹಾಗೆಯೇ ಕಡಲಹಕ್ಕಿಗೆ ಅಂಟಿಸಲಾಗದು, ಒಪ್ಪುತ್ತೇನೆ. ಎಡ ವೃಷಣ ಅಂಡಾಶಯದಂತೆ ಆಗಿ ಕೆಡುವ ಬಗೆ ಮಾತ್ರ ಎರಡರಲ್ಲೂ ಅದೇ.

ದುಡ್ಡು ನುಂಗಿದ್ದು ಮೊಟ್ಟೆಯಲ್ಲ. ಹೆಣ್ಣು ಹಾರ್ಮೋನಿನಂತೆ ವರ್ತಿಸುವುದು ಡಿಡಿಟಿಯ ಒಂದು ರೂಪವಾದ ಆರ್ಥೋ-ಪ್ಯಾರಾ ಡಿಡಿಟಿ. ಅದರ ಶುದ್ಧ ಮಾದರಿ ನೂರು ಮಿಲಿಗ್ರಾಂಗೆ ಒಂಬತ್ತು ಸಾವಿರದ ಆಸುಪಾಸು ಕೊಟ್ಟೆ. ಕರೆಂಟು ಹೋದರೆ ಇನ್‌ಕ್ಯುಬೇಟರ್ ತಣ್ಣಗಾಗುತ್ತದೆಂದು ಹಾಕಿಸಿದ ಬ್ಯಾಟರಿಗೆ ಹದಿನಾಲ್ಕು ಸಾವಿರ. ಎರಡನೆಯ ತಂಡ ಹೋದದ್ದು ಆ ಬ್ಯಾಟರಿ ಬರುವ ಮುಂಚೆ, ಜೂನ್ ತಿಂಗಳ ಒಂದು ಗಾಳಿಮಳೆಯ ರಾತ್ರಿ. ಹೆಂಡತಿಗೆ ಹೇಳಿದ ಖರ್ಚು ಇದರ ಅರ್ಧ.

ತಪ್ಪು ಎಲ್ಲಿತ್ತೆಂದು ತಿಳಿಯಲು ಎಂಟು ತಿಂಗಳು ಹಿಡಿಯಿತು. ನಾನು ಸುಲಭವೆಂದು ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಕೋಶಕ್ಕೇ ಚುಚ್ಚುತ್ತಿದ್ದೆ. ಭ್ರೂಣ ಅಲ್ಲಿಯ ಪೊರೆಯ ಮೂಲಕವೂ ಉಸಿರಾಡುತ್ತದೆ. ಎಣ್ಣೆ ಅದರ ಮೇಲೆ ಹರಡಿ ಉಸಿರು ಕಟ್ಟಿಸುತ್ತಿತ್ತು. ಪೊರೆಯನ್ನು ದೀಪದ ಎದುರು ಹಿಡಿದು ನೋಡಿದ ದಿನ ಗೊತ್ತಾಯಿತು: ಜಿಡ್ಡು ಅಂಟಿದ ಕಾಗದದಂತೆ ಒಂದು ಪಾರದರ್ಶಕ ಕಲೆ, ಅದರ ಅಂಚಿನವರೆಗೆ ಮಾತ್ರ ರಕ್ತನಾಳ. ಮೂರನೆಯ ತಂಡದಿಂದ ಶೇಂಗಾ ಎಣ್ಣೆಗೆ ನೀರನ್ನೂ, ಎರಡನ್ನೂ ಬೆರೆಸಿ ಹಿಡಿದಿಡುವ ಲೆಸಿಥಿನ್ ಎಂಬ ಪದಾರ್ಥವನ್ನೂ ಸೇರಿಸಿ ಹಾಲಿನಂತೆ ಕದಡಿ, ಮೂರನೆಯ ದಿನ ನೇರ ಹಳದಿಗೆ ಹಾಕಿದೆ, ಮೊಟ್ಟೆಗೆ ಇಪ್ಪತ್ತು ಮೈಕ್ರೋಲೀಟರ್. ಗಾಣದ ಎಣ್ಣೆಗಿಂತ ಅಂಗಡಿಯ ಸೋಸಿದ ಎಣ್ಣೆ ವಾಸಿ, ಗಾಣದ್ದರಲ್ಲಿ ಗಸಿ ಉಳಿದು ಸೂಜಿ ಕಟ್ಟುತ್ತದೆ. ತೂತು ಮುಚ್ಚುವ ಮೇಣದ ಮಿಶ್ರಣವನ್ನೂ ಸೂಜಿಯ ಓರೆಯನ್ನೂ ಇಲ್ಲಿ ಬರೆಯುವುದಿಲ್ಲ. ಅವೆರಡನ್ನು ಕಲಿಯಲು ನೂರೈವತ್ತು ಮೊಟ್ಟೆ ಕಳೆದುಕೊಂಡಿದ್ದೇನೆ. ಎಣ್ಣೆ ಮಾತ್ರ ಹಾಕಿದ ಗುಂಪಿನಲ್ಲಿ ನೂರಕ್ಕೆ ಎಂಬತ್ತು ಬದುಕಿದ ಮೇಲೆಯೇ ಡಿಡಿಟಿಯ ಬಾಟಲಿ ಮತ್ತೆ ಮುಟ್ಟಿದ್ದು.

ನಡುವೆ ಒಂದು ಅಡ್ಡದಾರಿ. ಹೋಲಿಕೆಗೆ ಎಥಿನೈಲ್ ಈಸ್ಟ್ರಡಯಾಲ್ ಎಂಬ ಕೃತಕ ಹೆಣ್ಣು ಹಾರ್ಮೋನು ಬೇಕಿತ್ತು. ಗರ್ಭನಿರೋಧಕ ಮಾತ್ರೆಯಲ್ಲಿ ಅದೇ ಇರುತ್ತದಲ್ಲ ಎಂದು ಪುಡಿ ಮಾಡಿ ಎಣ್ಣೆಯಲ್ಲಿ ಕಲಸಿದೆ. ಮಾತ್ರೆಯ ಪಿಷ್ಟ ಸೂಜಿಯಲ್ಲಿ ಗಟ್ಟಿಯಾಯಿತು. ಅದರಲ್ಲಿ ಬೇರೊಂದು ಹಾರ್ಮೋನೂ ಇರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಕೊನೆಗೆ ಶುದ್ಧ ಪುಡಿಯನ್ನೇ ಕೊಂಡೆ.

ನಾಲ್ಕನೆಯ ತಂಡದಲ್ಲಿ ಲಿಂಗವನ್ನು ಕಣ್ಣಿನಿಂದ ಗುರುತಿಸುವುದನ್ನು ನಿಲ್ಲಿಸಿದೆ. ವೃಷಣವೇ ಅಂಡಾಶಯದಂತೆ ಚಪ್ಪಟೆಯಾಗಿರುವಾಗ ಕಣ್ಣು ಯಾವುದನ್ನು ನಂಬಬೇಕು? ಕಾಲಿನ ಚೂರಿನಿಂದ ಡಿಎನ್‌ಎ ತೆಗೆಸಿ ಲಿಂಗ ತಿಳಿಯುವ ಪಿಸಿಆರ್ ಪರೀಕ್ಷೆ ಮಾಡಿಸಿದೆ, ಒಂದಕ್ಕೆ ಇನ್ನೂರೈವತ್ತು ರೂಪಾಯಿ. ಹೆಣ್ಣೆಂದು ಬರೆದಿಟ್ಟಿದ್ದ ನಾಲ್ಕು ಗಂಡಾದವು. ಹೆಚ್ಚಿನ ಪ್ರಮಾಣ ಕೊಟ್ಟ ಗುಂಪಿನಲ್ಲಿ ಹದಿನೆಂಟು ಗಂಡುಗಳಿದ್ದ ನೆನಪು. ಹನ್ನೊಂದರ ಎಡ ವೃಷಣಕ್ಕೆ ಅಂಡಾಶಯದ ಹೊರಪದರ ಹೊದ್ದಿತ್ತು. ಎಣ್ಣೆಯ ಗುಂಪಿನಲ್ಲಿ ಒಂದಕ್ಕೂ ಇರಲಿಲ್ಲ. ಕಡಿಮೆ ಪ್ರಮಾಣದಲ್ಲಿ ಏನೂ ಕಾಣಲಿಲ್ಲ, ಅದನ್ನೂ ಹೇಳಬೇಕು.

ಅದೇ ತಂಡದಲ್ಲಿ ಡಿಡಿಟಿ ಹಾಕಿದ ಹನ್ನೆರಡು ಮೊಟ್ಟೆಗಳನ್ನು ಒಡೆಯದೆ ಮರಿ ಮಾಡಿಸಿ ಮನೆಯ ಹಿತ್ತಲಲ್ಲಿ ಸಾಕಿದೆ. ಐದು ಹೆಣ್ಣು. ಏಳನೆಯ ವಾರಕ್ಕೆ ಮೊಟ್ಟೆ ಶುರುವಾಯಿತು. ಒಂದು ಬೆಳಿಗ್ಗೆ ಕೈಗೆ ಸಿಕ್ಕಿದ್ದಕ್ಕೆ ಚಿಪ್ಪೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿದ ನೀರಿನಂತೆ ಅಂಗೈಯ ಗೆರೆಗೆ ತಕ್ಕಂತೆ ಬಾಗಿತು. ಆ ಹಕ್ಕಿ ಹುಟ್ಟಿದ ಮೇಲೆ ಡಿಡಿಟಿ ತಿಂದದ್ದೇ ಇಲ್ಲ. ತಾನೇ ಮೊಟ್ಟೆಯೊಳಗಿದ್ದಾಗ ಬಿದ್ದ ಒಂದು ಹನಿ, ಅಷ್ಟೆ. ಐದರಲ್ಲಿ ಎರಡು ಹೀಗೆ ಇಟ್ಟವು. ಐದು ಹಕ್ಕಿಯಿಂದ ಏನನ್ನೂ ಸಾಧಿಸಲಾಗದು, ಆದರೂ ಆ ದಿನ ನನಗೆ ಪಾಠ ಮಾಡಲು ಆಗಲಿಲ್ಲ.

ಬಿಟ್ಟುಬಿಡಿ ಎಂದಿದ್ದ ಗೆಳೆಯರು ಕಳೆದ ವಾರ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ಕೂತರು. ನಡುವೆ ಗಂಡಿನ ನಾಳಗಳು, ಸುತ್ತ ಗುಲಾಬಿ ಬಣ್ಣದ ದಪ್ಪ ಅಂಚು, ಅಂಚಿನಲ್ಲಿ ಎಳೆಯ ಅಂಡಾಣುಗಳಂಥ ದುಂಡು ಕೋಶಗಳು. ‘ಡಿಎನ್‌ಎ ಗಂಡೆಂದೇ ಹೇಳಿತೇ?’ ಎಂದು ಎರಡು ಸಲ ಕೇಳಿದರು. ಮುಂದಿನ ತಂಡಕ್ಕೆ ಅರ್ಧ ಮೊಟ್ಟೆಗಳ ಖರ್ಚು ಅವರದು.