ಮನೆಯೇ ಆಫೀಸಾದಾಗ ಶಟರ್ ಎಳೆಯುವುದು ಹೇಗೆ?

ಬೀದಿ ಕೊನೆಯ ದಿನಸಿ ಅಂಗಡಿಯವರು ರಾತ್ರಿ ಒಂಬತ್ತಕ್ಕೆ ಶಟರ್ ಎಳೆದು ಬೀಗ ಹಾಕುತ್ತಾರೆ. ಮನೆಯಿಂದ ಕೆಲಸ ಮಾಡುವವರಿಗೆ ಆ ಶಟರ್ ಇಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತು ಬೈದುಕೊಳ್ಳುತ್ತಿದ್ದೆವು ನಿಜ. ಆದರೆ ಆಫೀಸು ತಲೆಯಿಂದ ಇಳಿಯುತ್ತಿದ್ದುದು ಅಲ್ಲೇ ಎಂದು ಗೊತ್ತಾಗಿದ್ದು 2020ರ ಲಾಕ್‌ಡೌನ್ ಆದಮೇಲೆ.

ಮೊದಲು ಜಾಗ. ಪ್ರತ್ಯೇಕ ಕೋಣೆ ಎಲ್ಲರಿಗೂ ಎಲ್ಲಿಂದ ಬರಬೇಕು? ಊಟದ ಮೇಜಿನ ಒಂದು ತುದಿ ಸಾಕು, ಹಾಸಿಗೆ ಮಾತ್ರ ಬೇಡ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು, ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಆಗ ಬೇರೆ ಕೀಬೋರ್ಡ್, ಮೌಸ್ ಬೇಕಾಗುತ್ತದೆ. ಕಂಪನಿಯನ್ನು ಕೇಳಿ, ಸಂಕೋಚ ಬೇಡ. ಪಾದ ನೆಲಕ್ಕೆ ಎಟುಕದಿದ್ದರೆ ಅಡುಗೆಮನೆಯ ಮಣೆ ಇದೆಯಲ್ಲ! 20 ನಿಮಿಷಕ್ಕೊಮ್ಮೆ, 20 ಸೆಕೆಂಡು, 20 ಅಡಿಯಾಚೆ ನೋಡಿ. ಎದುರುಮನೆಯ ತೆಂಗಿನಮರವಾದರೂ ಸರಿ.

ಇನ್ನು ಶಟರ್. ಮುಗಿಸುವ ಹೊತ್ತಿಗೆ ಅಲಾರಂ ಇಡಿ. ಕೊನೆಯ ಹತ್ತು ನಿಮಿಷ ನಾಳೆಯ ಮೂರು ಕೆಲಸಗಳನ್ನು ಚೀಟಿಯಲ್ಲಿ ಬರೆಯಿರಿ. ಬರೆದಿಟ್ಟರೆ ರಾತ್ರಿ ಅವು ತಲೆಯಲ್ಲಿ ಗಿರಕಿ ಹೊಡೆಯುವುದು ಕಡಿಮೆ. ಲ್ಯಾಪ್‌ಟಾಪನ್ನು ಸುಮ್ನೆ ಮಡಚಿಟ್ಟರೆ ಸಾಲದು, ಬ್ಯಾಗಿಗೆ ಹಾಕಿ, ಜಿಪ್ ಎಳೆದು, ಕಪಾಟಿನಲ್ಲಿಡಿ. ಮೊಬೈಲ್‌ನಲ್ಲಿ ಆಫೀಸ್ ಚಾಟ್‌ನ ಸದ್ದು ಅಡಗಿಸಿ. ಬಟ್ಟೆ ಬದಲಿಸಿ, ಚಪ್ಪಲಿ ಮೆಟ್ಟಿ, ಮೊಸರು ತರುವ ನೆಪದಲ್ಲಿ ಒಂದು ಸುತ್ತು ಹೋಗಿಬನ್ನಿ. ಈ ಸುತ್ತೇ ನಿಮ್ಮ ಸಿಲ್ಕ್ ಬೋರ್ಡ್. "ಒಂದೇ ಒಂದು ಮೇಲ್ ನೋಡ್ತೀನಿ" ಎಂದು ಹೋಗಿ ಎರಡು ಸಲ ಹಾಲು ಉಕ್ಕಿಸಿದವಳು ನಾನು, ಆ ಒಂದು ಮೇಲ್ ಒಂದಕ್ಕೇ ನಿಲ್ಲುವುದಿಲ್ಲ.

ಮ್ಯಾನೇಜರ್ ಜೊತೆ ಮೊದಲೇ ಮಾತಾಡಿಕೊಳ್ಳಿ: "ಏಳರ ಮೇಲೆ ತುರ್ತಿದ್ದರೆ ಫೋನ್ ಮಾಡಿ ಸರ್, ಮೆಸೇಜ್ ಆದರೆ ಬೆಳಿಗ್ಗೆ ನೋಡ್ತೀನಿ." ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಇದಕ್ಕೆ ಕಾನೂನಿನ ಬೆಂಬಲವಿದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಹಾಗಾಗಿ ಬಾಯಿಬಿಟ್ಟು ಕೇಳುವುದೇ ದಾರಿ. ಅಮೆರಿಕದ ಕ್ಲೈಂಟ್ ಇದ್ದರೆ ರಾತ್ರಿ ಕಾಲ್ ತಪ್ಪದು. ಅಂಥ ದಿನ ಮಧ್ಯಾಹ್ನ ಎರಡು ತಾಸಿನ ಬಿಡುವನ್ನು ಕ್ಯಾಲೆಂಡರ್‌ನಲ್ಲಿ ನಿಮ್ಮ ಹೆಸರಿಗೇ ಬರೆದುಕೊಳ್ಳಿ.

ನಡುನಡುವೆ ಆಫೀಸಿಗೂ ಹೋಗಬೇಕಾದವರು ಆ ದಿನ ಹೆಡ್‌ಫೋನ್ ಹಾಕಿಕೊಂಡು ಮತ್ತೆ ವಿಡಿಯೊ ಕಾಲ್‌ನಲ್ಲೇ ಕೂತರೆ ಅಷ್ಟು ದೂರ ಹೋಗಿದ್ದೇಕೆ, ಅಲ್ವಾ? ನಿಮ್ಮ ತಂಡದವರು ಬರುವ ದಿನವೇ ಹೋಗಿ. ಡಬ್ಬಿ ಹಂಚಿಕೊಂಡು ಉಣ್ಣಿ.

ಇಷ್ಟಾದರೂ ಎರಡು ವಾರ ನಿದ್ದೆ ಹತ್ತದೆ, ಯಾವುದೂ ಬೇಡವೆನಿಸಿದರೆ 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.